ಹಾಡು ನಿಂತದ್ದು ಎಲ್ಲಿ?

ಪೆನ್‌ಡ್ರೈವ್ ಚುಚ್ಚಿದರೆ ಕಾರಿನ ಸ್ಟೀರಿಯೊ ‘ನೋ ಫೈಲ್’ ಎಂದು ಎರಡು ಪದ ತೋರಿಸಿ ಸುಮ್ಮನಾಗುತ್ತದೆ. ಟ್ರ್ಯಾಕ್ಟರಿನ ಡೆಕ್ಕಿಗೆ ಅಷ್ಟೂ ಬಾಯಿಲ್ಲ, ದೀಪ ಮಿಟುಕಿಸುತ್ತಲೇ ಇರುತ್ತದೆ. ಜೇಬಿನಲ್ಲಿಟ್ಟುಕೊಳ್ಳುವ ಎಂಪಿ3 ಪ್ಲೇಯರುಗಳು ತಮಗೆ ಒಗ್ಗದ ಹಾಡನ್ನು ಹಾರಿಸಿ ಮುಂದಿನದಕ್ಕೆ ಹೋಗಿಬಿಡುತ್ತವೆ. ಅಂಥದೊಂದು ಹಾಡು ಅಲ್ಲಿತ್ತು ಎಂಬ ಸುಳಿವನ್ನೂ ಕೊಡುವುದಿಲ್ಲ. ಕಂಪ್ಯೂಟರಾದರೆ ಸರಿಯೋ ತಪ್ಪೋ ಒಂದು ಕಾರಣವನ್ನಾದರೂ ಹೇಳುತ್ತದೆ. ಈ ಪುಟ್ಟ ಪೆಟ್ಟಿಗೆಗಳು ಏನನ್ನೂ ಹೇಳದ ಕಾರಣ ಕೇಳುವವರ ತೀರ್ಮಾನ ಒಂದೇ: ‘ಸೆಟ್ ಕೆಟ್ಟಿದೆ.’ ರಿಪೇರಿ ಅಂಗಡಿಯಲ್ಲೂ ಅನೇಕ ಸಲ ಅದೇ ಮಾತು ಬರುತ್ತದೆ, ಹೊಸದನ್ನು ಮಾರುವುದಕ್ಕೆ ಅದು ಅನುಕೂಲ. ನಿಂತುಹೋದ ಹಾಡಿನ ಜಾಡು ಹಿಡಿದು ನೋಡಿದರೆ ಸೆಟ್ಟಿನ ತಪ್ಪು ಕೊನೆಗೆಲ್ಲೋ ಸಿಗುತ್ತದೆ, ಸಿಕ್ಕರೆ. ಅದಕ್ಕೂ ಮೊದಲು ಹಾಡು ತುಂಬಿದ ಮೆಮೊರಿ ಚಿಪ್ಪು, ಫೈಲು, ಫೈಲಿನ ಮೈಗೆ ಅಂಟಿದ ಹೆಸರು, ಅದಕ್ಕೆ ಯಾರೋ ಹಾಕಿದ ಬೀಗ, ಕೊನೆಗೆ ಇಯರ್‌ಫೋನಿನ ಪಿನ್ನು, ಇಷ್ಟು ಜನ ಅನುಮಾನಿತರು ಸಾಲಾಗಿ ನಿಂತಿರುತ್ತಾರೆ.

ಇವರಲ್ಲಿ ಯಾರೆಂದು ಗೊತ್ತುಮಾಡಿಕೊಳ್ಳಲು ಅದಲುಬದಲಿಗಿಂತ ಒಳ್ಳೆಯ ಉಪಾಯ ಇಲ್ಲ. ಅದೇ ಚಿಪ್ಪನ್ನು ಬೇರೆ ಸೆಟ್ಟಿಗೆ ಹಾಕಿ ನೋಡುವುದು, ಬೇರೆ ಚಿಪ್ಪನ್ನು ಇದೇ ಸೆಟ್ಟಿಗೆ ಹಾಕುವುದು, ಅದೇ ಹಾಡನ್ನು ಫೋನಿನಲ್ಲಿ ಕೇಳುವುದು, ಇನ್ನೊಂದು ಇಯರ್‌ಫೋನ್ ಸಿಕ್ಕಿಸುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಮ್ಮ ಜನ ಮಾಡುವುದು ಇದರ ತದ್ವಿರುದ್ಧ. ರೀಸೆಟ್ ಒತ್ತಿ, ಚಿಪ್ಪು ಫಾರ್ಮ್ಯಾಟ್ ಮಾಡಿ, ಹಾಡನ್ನೆಲ್ಲ ಹೊಸದಾಗಿ ತುಂಬಿಸಿ, ಎಲ್ಲವನ್ನೂ ಒಂದೇ ಸಂಜೆ ಮುಗಿಸುತ್ತಾರೆ. ಆಮೇಲೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ತಿಂಗಳು ಅದೇ ಗೋಳು. ಫಾರ್ಮ್ಯಾಟ್ ಎಂಬುದು ಕಟ್ಟಕಡೆಯ ಮದ್ದು. ಬೇರೆಲ್ಲೂ ಪ್ರತಿ ಇಲ್ಲದ ಅಜ್ಜಿಯ ಸೋಬಾನೆ ಪದವೂ ಅದರಲ್ಲಿ ಹೋಗಬಹುದು.

ಮೊದಲ ಅನುಮಾನಿತ ಚಿಪ್ಪು. ಹಳೆಯ ಎಸ್‌ಡಿ ಕಾರ್ಡುಗಳು 2 ಜಿಬಿಗೆ ನಿಂತಿದ್ದವು. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿವರೆಗೆ ಹೋಯಿತು, 2009ರ ಎಸ್‌ಡಿಎಕ್ಸ್‌ಸಿ ಅದರಾಚೆಗೆ. ಮೂರೂ ನೋಡಲು ಒಂದೇ ಅಳತೆ, ಒಂದೇ ಕಿಂಡಿಯಲ್ಲಿ ಕೂರುತ್ತವೆ. ಗೊಂದಲ ಶುರುವಾಗುವುದೇ ಅಲ್ಲಿ. 32 ಜಿಬಿಯೊಳಗಿನ ಕಾರ್ಡು ಸಾಮಾನ್ಯವಾಗಿ ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಅಣಿಯಾಗಿ ಬರುತ್ತದೆ, 64 ಜಿಬಿಯದ್ದು ಎಕ್ಸ್‌ಫ್ಯಾಟ್‌ನಲ್ಲಿ. ಹಳೆಯ ಪ್ಲೇಯರಿಗೆ ಎರಡನೆಯದು ಓದಲು ಬಾರದು. ಅಂಗಡಿಯಿಂದ ತಂದ ಹೊಸ 64 ಜಿಬಿ ಚಿಪ್ಪು ಫೋನಿನಲ್ಲಿ ಚೆನ್ನಾಗಿ ನಡೆದು, ಪ್ಲೇಯರಿನಲ್ಲಿ ಮಾತ್ರ ಖಾಲಿ ಎಂದು ತೋರುವುದು ಇದಕ್ಕೇ. ಫ್ಯಾಟ್32ಕ್ಕೆ ಬದಲಿಸಿದರೆ ಹಲವು ಹಳೆಯ ಸೆಟ್ಟುಗಳು ಒಪ್ಪಿಕೊಳ್ಳುತ್ತವೆ. ಆದರೆ ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿ ವರ್ಷಗಟ್ಟಲೆ 32 ಜಿಬಿಗಿಂತ ದೊಡ್ಡದಕ್ಕೆ ಆ ಆಯ್ಕೆಯನ್ನೇ ಕೊಡಲಿಲ್ಲ. ಫ್ಯಾಟ್32 ಪದ್ಧತಿ ಅದಕ್ಕಿಂತ ಎಷ್ಟೋ ದೊಡ್ಡದನ್ನು ತಾಳುತ್ತದೆ; ಮಿತಿ ಇದ್ದದ್ದು ಆ ಕಿಟಕಿಯಲ್ಲಿ ಮಾತ್ರ. ಈ ಕೆಲಸಕ್ಕೆ ಬೇರೆ ಸಣ್ಣ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ.

ಚಿಪ್ಪಿನಲ್ಲಿ ಇನ್ನೊಂದು ಬಗೆಯ ಮೋಸ ಇದೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನ ಎದುರು ಅಗ್ಗಕ್ಕೆ ಸಿಗುವ ಕಾರ್ಡುಗಳಲ್ಲಿ ಕೆಲವು ಮೈಮೇಲೆ 64 ಎಂದು ಬರೆದುಕೊಂಡು ಒಳಗೆ 8 ಜಿಬಿ ಮಾತ್ರ ಇಟ್ಟುಕೊಂಡಿರುತ್ತವೆ. ಒಳಗಿನ ನಿಯಂತ್ರಕಕ್ಕೇ ಸುಳ್ಳು ಕಲಿಸಿರುವುದರಿಂದ ಕಂಪ್ಯೂಟರೂ 64 ಎಂದೇ ತೋರಿಸುತ್ತದೆ. 8 ಜಿಬಿ ದಾಟಿದ ಮೇಲೆ ಹಾಕಿದ್ದು ಒಂದೋ ಗಾಳಿಗೆ ಹೋಗುತ್ತದೆ, ಇಲ್ಲವೇ ಮೊದಲು ಹಾಕಿದ್ದರ ಮೇಲೆಯೇ ಕೂರುತ್ತದೆ. ಹೆಸರಿನ ಪಟ್ಟಿ ಪೂರ್ತಿ ಕಾಣುತ್ತದೆ, ಹಾಡು ಒತ್ತಿದರೆ ನಡುವೆ ಕಿರುಚಾಟ, ಇಲ್ಲವೇ ಇನ್ಯಾವುದೋ ಹಾಡಿನ ತುಣುಕು. ಇದನ್ನು ‘ಹಾಡು ಕರಪ್ಟ್ ಆಗಿದೆ’ ಎಂದು ಅಂಗಡಿಯವರು ದಾಟಿಸಿಬಿಡುತ್ತಾರೆ. ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ತಂತ್ರಾಂಶಗಳು ಕಾರ್ಡಿನ ತುಂಬ ಬರೆದು, ಮತ್ತೆ ಓದಿ, ನಿಜವಾದ ಅಳತೆಯನ್ನು ಹೇಳುತ್ತವೆ. ಹೊಸ ಕಾರ್ಡು ತಂದವರು ಹಾಡು ತುಂಬಿಸುವ ಮೊದಲು ಈ ಪರೀಕ್ಷೆ ಮಾಡುವುದು ಒಳ್ಳೆಯದು. ಹಾಡು ಪೂರ್ತಿ ಇಳಿಯುವ ಮೊದಲೇ ಪೆನ್‌ಡ್ರೈವ್ ಕಿತ್ತರೂ ಸರಿಸುಮಾರು ಇದೇ ಲಕ್ಷಣ ಕಾಣುತ್ತದೆ. ವ್ಯತ್ಯಾಸವೆಂದರೆ ಕೊನೆಯಲ್ಲಿ ಹಾಕಿದ ಒಂದೆರಡು ಹಾಡುಗಳಿಗಷ್ಟೇ ಪೆಟ್ಟು ಬಿದ್ದಿರುತ್ತದೆ.

ಹಾಡುಗಳ ಸರದಿ ತಪ್ಪುವುದು ಬೇರೆ ವಿಷಯ, ಅಲ್ಲಿ ಏನೂ ಕೆಟ್ಟಿರುವುದಿಲ್ಲ. ಸರಳ ಸೆಟ್ಟುಗಳು ಅಕಾರಾದಿಯನ್ನು ನೋಡುವುದೇ ಇಲ್ಲ. ಯಾವ ಫೈಲು ಮೊದಲು ನಕಲಾಯಿತೋ ಅದನ್ನೇ ಮೊದಲು ಹಾಡುತ್ತವೆ. ಇನ್ನು ಕೆಲವು 1 ಆದ ಮೇಲೆ 10, 11 ಮುಗಿಸಿ ಆಮೇಲೆ 2ಕ್ಕೆ ಬರುತ್ತವೆ. 01, 02 ಎಂದು ಹೆಸರಿಟ್ಟು ಅದೇ ಸರದಿಯಲ್ಲಿ ನಕಲು ಮಾಡಿದರೆ ಎರಡೂ ತೊಂದರೆ ಮುಗಿಯಿತು. ಆಪಲ್ ಕಂಪ್ಯೂಟರಿನಿಂದ ತುಂಬಿಸಿದ ಚಿಪ್ಪಿನಲ್ಲಿ ಪ್ರತಿ ಹಾಡಿಗೂ ಒಂದೊಂದು ಭೂತ ಇರುವುದುಂಟು: ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ ಅದೇ ಹೆಸರಿನ ಪುಟ್ಟ ಫೈಲು. ಆ ಕಂಪ್ಯೂಟರಿನಲ್ಲಿ ಅದು ಕಾಣುವುದಿಲ್ಲ, ಪ್ಲೇಯರಿಗೆ ಕಾಣುತ್ತದೆ. ಅದನ್ನೂ ಹಾಡೆಂದು ನಂಬಿ ಬಾರಿಸಲು ಹೋಗಿ ನಿಂತುಬಿಡುತ್ತದೆ.

ಇನ್ನು ಫೈಲಿನ ಸರದಿ. ಅಂತರ್ಜಾಲದಿಂದ ‘ಎಂಪಿ3 ಮಾಡಿಕೊಡುವ’ ಜಾಗಗಳಿಂದ ಇಳಿಸಿದ ಫೈಲುಗಳಲ್ಲಿ ಎಷ್ಟೋ ಎಂಪಿ3 ಆಗಿರುವುದೇ ಇಲ್ಲ. ಒಳಗಿರುವುದು ಎಎಸಿ ಅಥವಾ ಓಪಸ್ ಎಂಬ ಬೇರೆ ಬಗೆ, ಹೆಸರಿನ ಬಾಲ ಮಾತ್ರ ಎಂಪಿ3. ಡಬ್ಬಿಗೆ ಸಕ್ಕರೆ ಎಂದು ಚೀಟಿ ಅಂಟಿಸಿ ಒಳಗೆ ಉಪ್ಪು ತುಂಬಿದ ಹಾಗೆ. ಫೋನು ಚೀಟಿಯನ್ನು ನಂಬದೆ ಮುಚ್ಚಳ ತೆಗೆದು ನೋಡುತ್ತದೆ, ಆದ್ದರಿಂದ ಅಲ್ಲಿ ಹಾಡು ಬರುತ್ತದೆ. ಅಗ್ಗದ ಪ್ಲೇಯರು ಚೀಟಿಯನ್ನೇ ನಂಬಿ ಸೋಲುತ್ತದೆ. ಹೆಸರಿನ ಬಾಲ ಬದಲಿಸಿದರೆ ಫೈಲು ಬದಲಾಗುವುದಿಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಪರಿವರ್ತಿಸುವ ತಂತ್ರಾಂಶದಲ್ಲಿ ಹಾಯಿಸಿಯೇ ತೆಗೆಯಬೇಕು. ವಾಟ್ಸ್ಯಾಪಿನ ಧ್ವನಿ ಸಂದೇಶಗಳೂ ಓಪಸ್ ಬಗೆಯವು. ಊರಿನಿಂದ ಯಾರೋ ಹಾಡಿ ಕಳಿಸಿದ ಹಂತಿ ಪದವನ್ನು ಹಾಗೆಯೇ ಪೆನ್‌ಡ್ರೈವಿಗೆ ಹಾಕಿ ಕಾರಿನಲ್ಲಿ ಕೇಳುತ್ತೇನೆಂದರೆ ಆಗದು.

ನಿಜವಾದ ಎಂಪಿ3ಗಳಲ್ಲೂ ಒಳಭೇದ ಇದೆ. ಪ್ರವಚನ, ಹರಿಕಥೆಗಳನ್ನು ಜಾಗ ಉಳಿಸಲೆಂದು ಸೆಕೆಂಡಿಗೆ 8,000 ಇಲ್ಲವೇ 11,025 ಮಾದರಿಗಳಿಗೆ ಇಳಿಸಿದ ಫೈಲುಗಳು ಸಾಕಷ್ಟಿವೆ. ಎಂಪಿ3ಯ ಮೂಲ ಮಾನಕದಲ್ಲಿ ಇಷ್ಟು ಕಡಿಮೆ ವೇಗಕ್ಕೆ ಎಡೆಯೇ ಇರಲಿಲ್ಲ, ಆಮೇಲೆ ಸೇರಿಸಿದ ಅನಧಿಕೃತ ವಿಸ್ತರಣೆ ಅದು. ಕೆಲವು ಸೆಟ್ಟುಗಳು ಇದನ್ನು ಓದುವುದಿಲ್ಲ. ವೇಗವನ್ನು ತಪ್ಪಾಗಿ ಹಿಡಿಯುವ ಸೆಟ್ಟುಗಳೂ ಉಂಟು. 48,000ದ ಫೈಲನ್ನು 44,100 ಎಂದು ತಿಳಿದು ಹಾಡಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿಯುತ್ತದೆ, ಹಾಡು ಎಳೆದಂತಾಗುತ್ತದೆ. ಶ್ರುತಿಪೆಟ್ಟಿಗೆ ಇಟ್ಟುಕೊಂಡು ಜೊತೆಗೆ ಹಾಡಿ ಅಭ್ಯಾಸ ಮಾಡುವವರಿಗೆ ಇದು ತಕ್ಷಣ ಗೊತ್ತಾಗುತ್ತದೆ, ಉಳಿದವರು ‘ಏನೋ ಒಂಥರಾ ಇದೆ’ ಎಂದು ಬಿಡುತ್ತಾರೆ. ಅದೇ ಫೈಲು ಫೋನಿನಲ್ಲೂ ಇಳಿದ ಶ್ರುತಿಯಲ್ಲೇ ಇದ್ದರೆ ಪ್ಲೇಯರನ್ನು ಬಿಟ್ಟುಬಿಡಬಹುದು. ಕ್ಯಾಸೆಟ್ಟಿನಿಂದ ಇಳಿಸಿದ ಹಾಡಾದರೆ, ಇಳಿಸುವಾಗಲೇ ಡೆಕ್ಕು ನಿಧಾನ ಓಡಿತ್ತು ಎಂದು ಅರ್ಥ.

ಯಕ್ಷಗಾನ ಪ್ರಿಯರ ಪಾಡು ವಿಶೇಷವಾದದ್ದು, ಅವರ ಸಂಗ್ರಹ ಉಳಿದೆಲ್ಲರ ಸಂಗ್ರಹಕ್ಕಿಂತ ಉದ್ದ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಸಿಡಿ ಗುಣಮಟ್ಟದ ವೇವ್ ಧ್ವನಿಮುದ್ರಣ ಗಂಟೆಗೆ ಸುಮಾರು 635 ಎಂಬಿ ನುಂಗುತ್ತದೆ, ಅಂದರೆ ಆರೂಮುಕ್ಕಾಲು ಗಂಟೆಗೆ ಮಿತಿ ಬಂತು. ರಾತ್ರಿ ಒಂಬತ್ತೂವರೆಗೆ ಚೌಕಿಪೂಜೆ ಮುಗಿಸಿ ಶುರುವಾದ ಬಯಲಾಟದಲ್ಲಿ ನಸುಕಿನ ಹೊತ್ತಿಗೆ, ಪ್ರಸಂಗ ಏರುವ ವೇಳೆಗೆ ಸರಿಯಾಗಿ, ಫೈಲು ತುಂಬುತ್ತದೆ. ಒಳ್ಳೆಯ ರೆಕಾರ್ಡರು ತಾನೇ ಎರಡನೆಯ ಫೈಲು ತೆರೆಯುತ್ತದೆ, ಅಗ್ಗದ್ದು ನಿಂತುಬಿಡುತ್ತದೆ. ಅದೇ ಆಟವನ್ನು ಎಂಪಿ3ಗೆ ಇಳಿಸಿದರೆ ಗಾತ್ರದ ಚಿಂತೆ ತಪ್ಪುತ್ತದೆ, ಹೊಸದೊಂದು ಹುಟ್ಟುತ್ತದೆ. ಬಿಟ್‌ರೇಟ್ ಏರಿಳಿಯುವ ಬಗೆಯ ಎಂಪಿ3ಯಲ್ಲಿ ಯಾವ ನಿಮಿಷ ಎಲ್ಲಿದೆ ಎಂದು ತಿಳಿಯಲು ಫೈಲಿನ ತಲೆಯಲ್ಲಿ 100 ಗುರುತುಗಳ ಒಂದು ಕೋಷ್ಟಕ ಇರುತ್ತದೆ. ನಾಲ್ಕು ನಿಮಿಷದ ಭಾವಗೀತೆಗೆ 100 ಗುರುತು ಧಾರಾಳ. ಎಂಟು ಗಂಟೆಯ ಆಟಕ್ಕೆ ಒಂದು ಗುರುತಿನಿಂದ ಇನ್ನೊಂದಕ್ಕೆ ಐದು ನಿಮಿಷದ ಹತ್ತಿರ ಅಂತರ. ಭಾಗವತರ ಒಂದು ಪದ್ಯಕ್ಕೆ ಹೋಗಬೇಕೆಂದು ಬೆರಳಿಟ್ಟರೆ ಅರ್ಥಗಾರಿಕೆಯ ನಡುವೆ ಬಿದ್ದಿರುತ್ತೀರಿ. ಆ ಕೋಷ್ಟಕವೇ ಇಲ್ಲದ ಫೈಲಾದರೆ ಪ್ಲೇಯರು ಒಟ್ಟು ಅವಧಿಯನ್ನೇ ತಪ್ಪಾಗಿ ತೋರಿಸುತ್ತದೆ, ಎಂಟು ಗಂಟೆಯದ್ದು ಹದಿಮೂರು ಗಂಟೆ ಆಗಿಬಿಡಬಹುದು. ಇಂಥ ಮುದ್ರಣಗಳಿಗೆ ಒಂದೇ ಮಟ್ಟದ ಬಿಟ್‌ರೇಟ್ ಇಟ್ಟು, ಒಡ್ಡೋಲಗ, ಯುದ್ಧ ಎಂದು ಸಂದರ್ಭ ನೋಡಿ ತುಂಡು ಮಾಡಿಕೊಳ್ಳುವುದೇ ವಾಸಿ.

ತುಂಡು ಮಾಡಿದರೆ ಮತ್ತೊಂದು ಕಿರಿಕಿರಿ ಎದುರಾಗುತ್ತದೆ, ಕಛೇರಿ ಸಂಗೀತ ಕೇಳುವವರಿಗೆ ಇದು ಚೆನ್ನಾಗಿ ಗೊತ್ತು. ಎಂಪಿ3 ಧ್ವನಿಯನ್ನು 1,152 ಮಾದರಿಗಳ ಕಂತುಗಳಲ್ಲಿ ಕಟ್ಟುತ್ತದೆ, ಒಂದು ಕಂತೆಂದರೆ ಸೆಕೆಂಡಿನ ಸಾವಿರ ಭಾಗದಲ್ಲಿ 26ರಷ್ಟು. ಹಾಡು ಕಂತಿಗೆ ಸರಿಯಾಗಿ ಮುಗಿಯದಿದ್ದರೆ ಉಳಿದ ಜಾಗಕ್ಕೆ ಮೌನ ತುಂಬುತ್ತಾರೆ, ತಲೆಭಾಗದಲ್ಲೂ ಸ್ವಲ್ಪ ಮೌನ ಸೇರುತ್ತದೆ. ತಾನ ಮುಗಿದು ಪಲ್ಲವಿ ಏಳುವ ಜಾಗದಲ್ಲಿ ಫೈಲು ಕತ್ತರಿಸಿದ್ದರೆ, ತಂಬೂರಿಯ ನಾದ ಗಕ್ಕನೆ ನಿಂತು ಮತ್ತೆ ಶುರುವಾಗುತ್ತದೆ. ಎಷ್ಟು ಮೌನ ಸೇರಿಸಿದ್ದೇನೆಂದು ಲೇಮ್‌ನಂಥ ಎನ್‌ಕೋಡರುಗಳು ಫೈಲಿನಲ್ಲೇ ಬರೆದಿಡುತ್ತವೆ. ಅದನ್ನು ಓದಿ ಕತ್ತರಿಸುವ ಪ್ಲೇಯರುಗಳೂ ಇವೆ, ಓದದವೇ ಹೆಚ್ಚು.

ಕನ್ನಡದವರನ್ನು ಕಾಡುವ ಒಂದು ಸಂಕಟ ಹೆಸರಿನದು. ಹಾಡು ಬರುತ್ತದೆ, ಪರದೆಯ ಮೇಲೆ ಮಾತ್ರ ಚೌಕಗಳ ಸಾಲು ಅಥವಾ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಎರಡೂ ಒಂದೇ ಅಲ್ಲ. ಚೌಕ ಬಂದರೆ ಹೆಸರು ಸರಿಯಾಗಿದೆ, ಸೆಟ್ಟಿನಲ್ಲಿ ಕನ್ನಡ ಫಾಂಟ್ ಇಲ್ಲ, ಅಷ್ಟೇ. ಅದಕ್ಕೆ ನಾವು ಮಾಡಬಹುದಾದ್ದು ಏನೂ ಇಲ್ಲ. ರೋಮನ್ ಜಾತ್ರೆಗೆ ಕಾರಣ ಬೇರೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಕಾಲದ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡ ಒಳಗೆ ಕನ್ನಡವಾಗಿರಲಿಲ್ಲ. ಅಕ್ಷರದ ತುಂಡುಗಳನ್ನು ರೋಮನ್ ಅಕ್ಷರಗಳ ಮನೆಯಲ್ಲಿ ಕೂರಿಸಿದ್ದರು, ಆ ಫಾಂಟು ಇದ್ದಾಗ ಮಾತ್ರ ಕನ್ನಡವಾಗಿ ಕಾಣುತ್ತಿತ್ತು. ಸಿಡಿಗಳಿಂದ ಹಾಡು ಇಳಿಸಿ ಶ್ರದ್ಧೆಯಿಂದ ಕನ್ನಡದಲ್ಲೇ ಹೆಸರು ತುಂಬಿದ ಸಂಗ್ರಾಹಕರ ಶ್ರಮ ಹೀಗೆ ಹಾಳಾಗಿ ಕೂತಿದೆ. ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಹೆಸರುಗಳನ್ನು ಒಮ್ಮೆ ಹಾಯಿಸಿದರೆ ಉಳಿಯುತ್ತವೆ.

ಯುನಿಕೋಡ್ ಆದ ಮೇಲೂ ಎಲ್ಲ ಸಲೀಸಲ್ಲ. ಹಾಡಿನ ಹೆಸರು ಕೂರುವ ಐಡಿ3 ಎಂಬ ಚೀಟಿಯ ಮೊದಲ ಆವೃತ್ತಿಯಲ್ಲಿ ಹೆಸರಿಗೆ ಇದ್ದದ್ದು 30 ಬೈಟ್ ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು. ‘ಕರ್ನಾಟಕ’ ಎಂದು ಬರೆದರೆ ಅರ್ಕಾವತ್ತಿನ ವಿರಾಮ, ದೀರ್ಘ ಎಲ್ಲ ಸೇರಿ ಏಳು ಚಿಹ್ನೆ, 21 ಬೈಟ್ ಹೋಯಿತು. ಉಳಿದ ಒಂಬತ್ತರಲ್ಲಿ ಇನ್ನೇನು ಬರೆಯುತ್ತೀರಿ? ಎರಡನೆಯ ಆವೃತ್ತಿಯಲ್ಲಿ ಜಾಗಕ್ಕೆ ಕೊರತೆ ಇಲ್ಲ, ಆದರೆ ಅದರಲ್ಲೂ 2.3 ಮತ್ತು 2.4 ಎಂದು ಪಂಗಡ. 2.4ರಲ್ಲಿ ಬಂದ ಯುಟಿಎಫ್-8 ಅನ್ನು ಹಳೆಯ ಸೆಟ್ಟುಗಳು ಗುರುತಿಸುವುದಿಲ್ಲ. 2.3ರಲ್ಲಿ, ಯುಟಿಎಫ್-16 ಬಗೆಯಲ್ಲಿ ಉಳಿಸಿದ ಹೆಸರು ಹೆಚ್ಚು ಕಡೆ ನಡೆಯುತ್ತದೆ. ಇದೇ ಚೀಟಿಯೊಳಗೆ ಮುಖಚಿತ್ರವೂ ಕೂರುತ್ತದೆ. ಅಂಗೈಯಗಲದ ಪರದೆಗೆ ಮೂರು ಸಾವಿರ ಚುಕ್ಕೆ ಅಗಲದ ಚಿತ್ರ ಹಾಕಿದ ಹಾಡು ಶುರುವಾಗಲು ತಡವರಿಸಿದರೆ, ಸೆಟ್ಟೇ ಹೆಪ್ಪುಗಟ್ಟಿ ನಿಂತರೆ, ಆ ಚಿತ್ರವನ್ನು ತೆಗೆದು ನೋಡಬೇಕು.

ಬೀಗದ ವಿಷಯಕ್ಕೆ ಬಂದರೆ ನನಗೆ ಸಹನೆ ಕಡಿಮೆ. ಇಲ್ಲಿ ಕೆಟ್ಟದ್ದು ಏನೂ ಇರುವುದಿಲ್ಲ, ಬೇರೆ ಸೆಟ್ಟಿನಲ್ಲಿ ಹಾಡಬಾರದೆಂದೇ ಮಾರುವವರು ಮಾಡಿದ್ದು. ಮೈಕ್ರೋಸಾಫ್ಟ್ 2004ರಲ್ಲಿ ‘ಪ್ಲೇಸ್ ಫಾರ್ ಶೂರ್’ ಎಂಬ ಮುದ್ರೆ ತಂದು, ಈ ಗುರುತಿನ ಅಂಗಡಿಯಲ್ಲಿ ಕೊಂಡ ಹಾಡು ಈ ಗುರುತಿನ ಪ್ಲೇಯರಿನಲ್ಲಿ ಖಂಡಿತ ಹಾಡುತ್ತದೆ ಎಂದಿತು. 2006ರಲ್ಲಿ ಅದೇ ಕಂಪನಿ ಝೂನ್ ಎಂಬ ಸ್ವಂತ ಪ್ಲೇಯರು ಬಿಟ್ಟಾಗ ಅದರಲ್ಲಿ ಆ ಹಾಡುಗಳು ಹಾಡಲಿಲ್ಲ. 2008ರಲ್ಲಿ ಎಂಎಸ್‌ಎನ್ ಮ್ಯೂಸಿಕ್ ಎಂಬ ತನ್ನ ಅಂಗಡಿಯ ಗಿರಾಕಿಗಳಿಗೆ ಬೀಗದ ಕೈ ಕೊಡುವ ಸರ್ವರನ್ನೇ ನಿಲ್ಲಿಸುತ್ತೇವೆಂದು ಹೇಳಿ, ಗಲಾಟೆಯಾದ ಮೇಲೆ 2011ರ ಕೊನೆಯವರೆಗೆ ಮುಂದೂಡಿತು. ಐಟ್ಯೂನ್ಸ್ ಅಂಗಡಿ ಹಾಡುಗಳ ಬೀಗ ತೆಗೆಯುವುದಾಗಿ ಹೇಳಿದ್ದು 2009ರ ಜನವರಿಯಲ್ಲಿ. ನಮ್ಮಲ್ಲಿ ಫ್ಲಿಪ್‌ಕಾರ್ಟಿನ ಫ್ಲೈಟ್ 2012ರಲ್ಲಿ ಬೀಗವಿಲ್ಲದ ಎಂಪಿ3ಗಳನ್ನೇ ಮಾರಲು ಹೊರಟು ಮರುವರ್ಷ ಮುಚ್ಚಿತು. ಅಂಗಡಿ ಹೋದರೂ ಇಳಿಸಿಟ್ಟುಕೊಂಡವರ ಹಾಡು ಉಳಿಯಿತು. ಈಗಿನ ಆ್ಯಪುಗಳ ‘ಡೌನ್‌ಲೋಡ್’ ಗುಂಡಿ ಅಂಥದ್ದಲ್ಲ. ಅದರಿಂದ ಬರುವುದು ಆ ಆ್ಯಪು ಮಾತ್ರ ಓದಬಲ್ಲ ಗೂಢಲಿಪಿ. ಚಿಪ್ಪಿಗೆ ನಕಲು ಮಾಡಿ ಪ್ಲೇಯರಿಗೆ ಹಾಕಿ ಏನೂ ಬರಲಿಲ್ಲವೆಂದು ಸೆಟ್ಟನ್ನು ಬೈದು ಫಲವಿಲ್ಲ. ಸ್ಪಾಟಿಫೈಯಲ್ಲಾದರೆ ಇಳಿಸಿಕೊಂಡದ್ದು ಉಳಿಯಲು 30 ದಿನಕ್ಕೊಮ್ಮೆಯಾದರೂ ನೆಟ್‌ಗೆ ಮುಖ ತೋರಿಸಬೇಕು.

ಎಲ್ಲ ದಾಟಿ ಹಾಡು ಸೆಟ್ಟಿನಿಂದ ಹೊರಬಿತ್ತು, ಆದರೂ ಕೇಳಿಸುತ್ತಿಲ್ಲ. ಇಯರ್‌ಫೋನಿನಲ್ಲಿ ತಬಲ, ವಯಲಿನ್, ಕೋರಸ್ ಎಲ್ಲ ಇದೆ, ಹಾಡುಗಾರರೇ ನಾಪತ್ತೆ. ಇದನ್ನು ಮೊದಲ ಸಲ ಕೇಳಿದವರು ಫೈಲು ಕರೋಕೆ ಇರಬೇಕು ಎಂದುಕೊಳ್ಳುತ್ತಾರೆ. ನಿಜದಲ್ಲಿ ಪಿನ್ನಿನ ಅರ್ಥಿಂಗ್ ಸೇರುತ್ತಿಲ್ಲ. ಎಡ ಬಲ ಎರಡು ಸ್ಪೀಕರುಗಳಿಗೂ ವಾಪಸ್ ಹೋಗುವ ತಂತಿ ಒಂದೇ. ಅದು ಕಡಿದರೆ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವಷ್ಟೇ ಕಿವಿಗೆ ಬೀಳುತ್ತದೆ. ಹಾಡುಗಾರರ ದನಿಯನ್ನು ಎರಡೂ ಕಡೆ ಸಮವಾಗಿ ಇಟ್ಟಿರುವುದರಿಂದ ಅದು ಪೂರ್ತಿ ವಜಾ. ಮೋನೊ ಹಾಡು ಹಾಕಿ ನೋಡಿ: 1960ರ ದಶಕದ ಪಿ.ಬಿ. ಶ್ರೀನಿವಾಸ್ ಹಾಡಿನಲ್ಲಿ ಎಡ ಬಲ ಎರಡೂ ಒಂದೇ, ಹಾಗಾಗಿ ಹಾಡಿಗೆ ಹಾಡೇ ಮಾಯವಾಗುತ್ತದೆ. ಹೊಸ ಹಾಡುಗಳಲ್ಲಿ ದನಿ ಇಲ್ಲ, ಹಳೆಯ ಹಾಡುಗಳಲ್ಲಿ ಏನೂ ಇಲ್ಲ ಎಂದರೆ ಅನುಮಾನವೇ ಬೇಡ, ಪಿನ್ನು. ಕಿಂಡಿಯಲ್ಲಿ ಜೇಬಿನ ಹತ್ತಿ ತುಂಬಿ ಪಿನ್ನು ಪೂರ್ತಿ ಒಳಹೋಗದಿದ್ದರೂ ಹೀಗಾಗುತ್ತದೆ. ಮೈಕ್ ಇರುವ ಇಯರ್‌ಫೋನಿನ ಪಿನ್ನಿನಲ್ಲಿ ನಾಲ್ಕು ಲೋಹದ ಭಾಗ. ಅದರಲ್ಲಿ ಮೈಕಿನದ್ದೂ ಅರ್ಥಿಂಗಿನದ್ದೂ ಸ್ಥಾನ ಬದಲಾದ ಎರಡು ಪದ್ಧತಿಗಳಿವೆ. ಒಂದರದ್ದನ್ನು ಇನ್ನೊಂದರ ಕಿಂಡಿಗೆ ಹಾಕಿದಾಗಲೂ ದನಿ ಮಾಯ. ಆಗ ತಂತಿಯ ಮೇಲಿರುವ ಕರೆ ಗುಂಡಿಯನ್ನು ಒತ್ತಿ ಹಿಡಿಯಬೇಕು. ಒತ್ತಿದಷ್ಟು ಹೊತ್ತು ಹಾಡುಗಾರರು ಮರಳಿ ಬಂದು, ಬಿಟ್ಟೊಡನೆ ಹೋದರೆ ಪದ್ಧತಿಯೇ ಹೊಂದಿಲ್ಲ ಎಂದು ಖಾತ್ರಿಯಾಯಿತು. ಆ ಗುಂಡಿ ಮೈಕಿನ ತಂತಿಯನ್ನು ಅರ್ಥಿಂಗಿಗೆ ಸೇರಿಸುತ್ತದೆ.

ಬ್ಲೂಟೂತಿನ ಗೋಳು ಇಷ್ಟು ಸ್ವಾರಸ್ಯದ್ದಲ್ಲ. ತುಂಡು ತುಂಡಾಗಿ ಕೇಳಿದರೆ ಪ್ಲೇಯರನ್ನು ಪ್ಯಾಂಟಿನ ಹಿಂಜೇಬಿನಿಂದ ಮುಂದಕ್ಕೆ ತನ್ನಿ, ಮೈಯಲ್ಲಿರುವ ನೀರು ಆ ತರಂಗಗಳನ್ನು ಹೀರುತ್ತದೆ.

ಸೆಟ್ಟಿನದ್ದೇ ತಪ್ಪು ಎನ್ನಬಹುದಾದ ಪ್ರಸಂಗಗಳಲ್ಲಿ ಅತಿ ಪ್ರಸಿದ್ಧವಾದದ್ದು 2008ರ ಡಿಸೆಂಬರ್ 31ರದ್ದು. ಅಂದು ಅಮೆರಿಕದಲ್ಲಿ 30 ಜಿಬಿಯ ಝೂನ್ ಪ್ಲೇಯರುಗಳು ಎಲ್ಲೆಡೆ ಒಟ್ಟಿಗೆ ಮರಗಟ್ಟಿ ನಿಂತವು. ಗಡಿಯಾರ ನೋಡಿಕೊಳ್ಳುವ ತಂತ್ರಾಂಶದ ಒಂದು ತುಣುಕು, ದಿನಗಳ ಲೆಕ್ಕ 365 ಮೀರಿದ್ದರೆ ವರ್ಷ ಕಳೆಯಬೇಕು ಎನ್ನುತ್ತಿತ್ತು. ಅಧಿಕ ವರ್ಷವಾದರೆ 366 ಮೀರಿರಬೇಕು ಎನ್ನುತ್ತಿತ್ತು. ಅಧಿಕ ವರ್ಷದ ಸರಿಯಾಗಿ 366ನೆಯ ದಿನ ಏನು ಮಾಡಬೇಕೆಂದು ಬರೆದಿರಲಿಲ್ಲ. ಲೆಕ್ಕ ಅದೇ ಜಾಗದಲ್ಲಿ ಸುತ್ತತೊಡಗಿತು. ಕಂಪನಿ ಸೂಚಿಸಿದ ಪರಿಹಾರ: ಬ್ಯಾಟರಿ ಪೂರ್ತಿ ಬರಿದಾಗಲು ಬಿಡಿ, ಜನವರಿ 1ರ ಗ್ರೀನ್‌ವಿಚ್ ಮಧ್ಯಾಹ್ನ ಕಳೆದ ಮೇಲೆ ಚಾರ್ಜಿಗೆ ಹಾಕಿ. ತಾರೀಖು ಬದಲಾಯಿತು, ಪ್ಲೇಯರುಗಳು ಎದ್ದವು. ಆ ಒಂದು ದಿನ ರಿಪೇರಿಗೆ ಕೊಟ್ಟವರಿದ್ದರೆ ಅವರ ಹಣ ಹೋದದ್ದು ದಂಡಕ್ಕೆ.

ಉಳಿದಂತೆ ಸೆಟ್ಟು ಸಾಯುವುದು ಬ್ಯಾಟರಿಯಿಂದ. ಚಾರ್ಜು ಅರ್ಧ ತೋರಿಸುತ್ತಿದ್ದು ಸದ್ದು ಏರಿಸಿದೊಡನೆ ಆರಿಹೋದರೆ ಬ್ಯಾಟರಿ ಮುದಿಯಾಗಿದೆ. ಬೆನ್ನು ಉಬ್ಬಿದ್ದರೆ ಚಾರ್ಜ್ ಮಾಡಲೇಬಾರದು, ಒತ್ತಲೂಬಾರದು. ಹಳೆಯ ಐಪಾಡುಗಳಲ್ಲಿ ಪುಟ್ಟ ತಟ್ಟೆ ತಿರುಗುವ ಹಾರ್ಡ್‌ಡಿಸ್ಕ್ ಇತ್ತು. ಅದರಿಂದ ಟಿಕ್ ಟಿಕ್ ಸದ್ದು ಬಂದರೆ ದಿನಗಳು ಎಣಿಕೆಗೆ ಬಂದವೆಂದೇ ಲೆಕ್ಕ. ಅದರ ಜಾಗಕ್ಕೆ ಮೆಮೊರಿ ಕಾರ್ಡು ಕೂರಿಸಿ, 2001ರಿಂದ ಬೆಳೆದು ಬಂದಿರುವ ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡು, ಕಂಪನಿ ಓದಲು ಕಲಿಸದಿದ್ದ ಫ್ಲ್ಯಾಕ್, ಓಪಸ್‌ಗಳನ್ನೂ ಹಾಡಿಸುವ ಹವ್ಯಾಸಿಗಳಿದ್ದಾರೆ. ಅಷ್ಟು ತಾಳ್ಮೆ ಇಲ್ಲದವರು ಬಿಸಾಡುವ ಮೊದಲು ಕಂಪ್ಯೂಟರಿಗೆ ಜೋಡಿಸಿ, ಅಡಗಿಸಿಟ್ಟ ಫೋಲ್ಡರುಗಳನ್ನು ತೋರಿಸುವಂತೆ ಮಾಡಿ ನೋಡಿ. ಹಾಡುಗಳೆಲ್ಲ ಅಲ್ಲೇ ಇರುತ್ತವೆ, ನಾಲ್ಕು ನಾಲ್ಕು ಅಕ್ಷರದ ಅರ್ಥವಿಲ್ಲದ ಹೆಸರುಗಳಲ್ಲಿ. ಗಾಬರಿ ಬೇಡ. ಎಲ್ಲವನ್ನೂ ಮೊದಲು ನಕಲು ಮಾಡಿಕೊಳ್ಳಿ. ಒಳಗಿನ ಚೀಟಿ ಓದಿ ಒಂದೊಂದಕ್ಕೂ ಹೆಸರು ಮರಳಿ ಕೊಡುವ ಕೆಲಸವನ್ನು ತಂತ್ರಾಂಶವೊಂದು ಒಂದೇ ಸಲಕ್ಕೆ ಮಾಡಿಕೊಡುತ್ತದೆ.